ಕತ್ತರಿ ತಾಗದ ಕಂಬಳಿಗೆ ಸೊನ್ನೆ ಅಂಕ: ವಸ್ತ್ರವಿನ್ಯಾಸ ಕಾಲೇಜಿಗೆ ಒಂದು ಬಹಿರಂಗ ಪತ್ರ

ಮಾನ್ಯ ಪ್ರಾಂಶುಪಾಲರು, ವಸ್ತ್ರವಿನ್ಯಾಸ ವಿಭಾಗದ ಅಧ್ಯಾಪಕರು ಮತ್ತು ಆಡಳಿತ ಮಂಡಳಿಯ ಸದಸ್ಯರು,
ದಾವಣಗೆರೆ

ಮಾನ್ಯರೇ,

ನಾನು ಚೌಕಿಪೇಟೆಯ ಹತ್ತಿರ 26 ವರ್ಷಗಳಿಂದ ಹೊಲಿಗೆ ಅಂಗಡಿ ನಡೆಸುತ್ತಿರುವವಳು. ನಿಮ್ಮ ಕಾಲೇಜಿನ ವಿದ್ಯಾರ್ಥಿನಿಯರು ಕಾಜಾ ಹೊಲಿಸಲು, ಓವರ್‌ಲಾಕ್ ಹಾಕಿಸಲು, ಕೆಲವೊಮ್ಮೆ ಸುಮ್ಮನೆ ಯಂತ್ರದ ಮುಂದೆ ಕುಳಿತು ಕೈ ಪಳಗಿಸಿಕೊಳ್ಳಲು ನನ್ನಲ್ಲಿಗೆ ಬರುತ್ತಾರೆ. ಅವರಲ್ಲೊಬ್ಬಳು ಕತ್ತರಿ, ಸೂಜಿ ತಾಗಿಸದೆ ಮಾಡಿದ ಕಂಬಳಿಯ ಉಡುಪಿಗೆ ಕಟಿಂಗ್, ಹೊಲಿಗೆಯಲ್ಲಿ ಸೊನ್ನೆ ಕೊಟ್ಟ ಅನ್ಯಾಯದ ಬಗ್ಗೆ ಈ ಪತ್ರ. ಇದಕ್ಕೂ ಮೊದಲು ಎರಡು ಬಾರಿ ಬರೆದು ನಿಮ್ಮ ಕಚೇರಿಯ ಮೇಜಿಗೆ ನಾನೇ ತಲುಪಿಸಿದ್ದೇನೆ. ಉತ್ತರ ಬರಲಿಲ್ಲ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಕಾಲೇಜಿನ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಓದಿದ ಕೂಡಲೇ ನಿಮಗೆ ಗೊತ್ತಾಗುತ್ತದೆ. ಊರಿನವರಿಗೂ ಗೊತ್ತಾಗಿ ಆ ಹುಡುಗಿಯ ಕಡೆಗೆ ಬೆರಳು ಹೋಗುವುದು ನನಗೆ ಬೇಡ.

ಕಳೆದ ಆಗಸ್ಟ್ 5ರಂದು ನಿಮ್ಮ ಸಭಾಂಗಣದಲ್ಲಿ ಜಪಾನಿನ ವಿನ್ಯಾಸಕ ಇಸ್ಸೆ ಮಿಯಾಕೆ ಅವರ ನೆನಪಿನ ಕಾರ್ಯಕ್ರಮ ನಡೆಯಿತು. ಅವರು ತೀರಿಕೊಂಡದ್ದು 2022ರ ಅದೇ ದಿನ, ತಮ್ಮ 84ನೇ ವಯಸ್ಸಿನಲ್ಲಿ. ಕರೆದಿದ್ದಿರಿ, ಬಂದು ಹಿಂದಿನ ಸಾಲಿನಲ್ಲಿ ಕುಳಿತಿದ್ದೆ. ಭಾವಚಿತ್ರಕ್ಕೆ ಹಾರ ಹಾಕಿದಿರಿ, ದೀಪ ಹಚ್ಚಿದಿರಿ. ಭಾಷಣದ ಬಹುಪಾಲು ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ಅವರ ಕಪ್ಪು ಅಂಗಿಯ ಬಗ್ಗೆ ಇತ್ತು. ಮಿಯಾಕೆ ಅವರು ಆತನಿಗೆ ನೂರರಷ್ಟು ಅಂಗಿಗಳನ್ನು ಮಾಡಿಕೊಟ್ಟ ಕಥೆ, ಅವರ ಹೆಸರಿನ ಸುಗಂಧದ್ರವ್ಯ, ತ್ರಿಕೋನಗಳನ್ನು ಜೋಡಿಸಿದಂತಿರುವ ಅವರ ಕೈಚೀಲದ ಬೆಲೆ. ಎಲ್ಲವೂ ನಿಜವೇ. ಎರಡು ದಿನ ಬಿಟ್ಟು, 7ರಂದು, ಅದೇ ವೇದಿಕೆಯಲ್ಲಿ ರಾಷ್ಟ್ರೀಯ ಕೈಮಗ್ಗ ದಿನವನ್ನೂ ಆಚರಿಸಿದಿರಿ. ತಿಂಗಳ ಕೊನೆಯಲ್ಲಿ ಅಂತಿಮ ವರ್ಷದವರ ಕೆಲಸಗಳ ಮೌಲ್ಯಮಾಪನ ನಡೆಯಿತು. ಆ ದಿನ ನಾನು ಕಂಡದ್ದನ್ನು ಹೇಳುವ ಮೊದಲು, ನೀವು ಹಾರ ಹಾಕಿದ ಮನುಷ್ಯ ಏನು ಮಾಡಿದರು ಎಂಬುದನ್ನು ಒಬ್ಬ ಟೈಲರಿಗೆ ಅರ್ಥವಾದಂತೆ ಹೇಳಲು ಅನುಮತಿ ಕೊಡಿ. ಇದನ್ನೆಲ್ಲ ನನಗೆ ಮೊದಲು ಓದಿ ಹೇಳಿದವಳು ನಿಮ್ಮ ಆ ವಿದ್ಯಾರ್ಥಿನಿಯೇ. ಎರಡು ತಿಂಗಳು ಸಂಜೆ ಹೊತ್ತು ಅಂಗಡಿಯಲ್ಲಿ ಕುಳಿತು ಓದಿದಳು. ಆಮೇಲೆ ನಾನೇ ಹುಡುಕಿಕೊಂಡು ತಿಳಿದದ್ದೂ ಇದೆ.

ಅವರು ಹುಟ್ಟಿದ್ದು 1938ರಲ್ಲಿ, ಹಿರೋಶಿಮಾದಲ್ಲಿ. ಬಾಂಬು ಬಿದ್ದ ದಿನ ಏಳು ವರ್ಷದ ಹುಡುಗ, ತರಗತಿಯಲ್ಲಿ ಕುಳಿತಿದ್ದರು. ಮೂರು ವರ್ಷದೊಳಗೆ ತಾಯಿ ವಿಕಿರಣದಿಂದ ತೀರಿಕೊಂಡರು. ಇದನ್ನು ಅವರು 2009ರವರೆಗೆ ಹೆಚ್ಚಾಗಿ ಯಾರಲ್ಲೂ ಹೇಳಿಕೊಳ್ಳಲಿಲ್ಲ. ಬಾಂಬಿನಲ್ಲಿ ಬದುಕಿ ಉಳಿದ ವಿನ್ಯಾಸಕ ಎಂಬ ಹಣೆಪಟ್ಟಿ ಅವರಿಗೆ ಬೇಡವಾಗಿತ್ತು.

1960ರಲ್ಲಿ ಟೋಕಿಯೋದಲ್ಲಿ ವಿಶ್ವ ವಿನ್ಯಾಸ ಸಮ್ಮೇಳನ ನಡೆಯಿತು. ಮಿಯಾಕೆ ಆಗ ಇನ್ನೂ ವಿದ್ಯಾರ್ಥಿ. ಸಮ್ಮೇಳನದವರಿಗೆ ಒಂದು ಪತ್ರ ಬರೆದು, ಉಡುಪಿಗೆ ಇಲ್ಲಿ ಏಕೆ ಜಾಗವಿಲ್ಲ ಎಂದು ಕೇಳಿದರು. ಕಟ್ಟಡವೂ ವಿನ್ಯಾಸ, ಕುರ್ಚಿಯೂ ವಿನ್ಯಾಸ ಎನ್ನುವವರು ಮೈಮೇಲಿನ ಬಟ್ಟೆಯನ್ನು ಹೊರಗಿಟ್ಟಿದ್ದರು. ನಿಮ್ಮ ಭಾಷಣದಲ್ಲಿ ಈ ಪತ್ರದ ಮಾತು ಬರಲಿಲ್ಲ. ವಿದ್ಯಾರ್ಥಿಗಳು ತುಂಬಿದ್ದ ಸಭೆಯಲ್ಲಿ ಮೊದಲು ಹೇಳಬೇಕಾಗಿದ್ದದ್ದು ಅದೇ ಎಂದು ನನಗನ್ನಿಸುತ್ತದೆ.

1965ರಲ್ಲಿ ಅವರು ಪ್ಯಾರಿಸ್‌ಗೆ ಹೋಗಿ ದೊಡ್ಡ ಫ್ಯಾಷನ್ ಸಂಸ್ಥೆಗಳ ಕೈಕೆಳಗೆ ಕಟಿಂಗ್ ಕಲಿತರು. ಗೀ ಲಾರೋಶ್ ಅವರಲ್ಲಿ ಕೆಲಸ, ಆಮೇಲೆ ಜಿವಾಂಶಿ ಅವರಲ್ಲಿ. 1968ರಲ್ಲಿ ವಿದ್ಯಾರ್ಥಿಗಳೂ ಕಾರ್ಮಿಕರೂ ಅಲ್ಲಿ ಬೀದಿಗಿಳಿದದ್ದನ್ನು ಕಂಡು, ಕೆಲವೇ ಸಿರಿವಂತರಿಗಾಗಿ ಹೊಲಿಯುವ ಕೆಲಸ ತನ್ನದಲ್ಲ ಎಂದು ನಿರ್ಧರಿಸಿದರು. 1970ರಲ್ಲಿ ಟೋಕಿಯೋಗೆ ಮರಳಿ ಸ್ವಂತ ಸ್ಟುಡಿಯೋ ತೆರೆದರು. ಅಲ್ಲಿಂದ ಐವತ್ತು ವರ್ಷ ಅವರು ಹಿಡಿದದ್ದು ಒಂದೇ ಪ್ರಶ್ನೆ: ಒಂದು ತುಂಡು ಬಟ್ಟೆ ಮತ್ತು ಒಂದು ಮೈ, ಇವೆರಡರ ನಡುವೆ ಎಷ್ಟು ಜಾಗ ಇರಬೇಕು?

ನಾವು ಅದನ್ನು ‘ಲೂಸು’ ಎನ್ನುತ್ತೇವೆ. ಎದೆಗೆ ಎರಡು ಇಂಚು ಲೂಸು, ತೋಳಿಗೆ ಒಂದಿಂಚು. ಅಳತೆಯ ಪುಸ್ತಕದಲ್ಲಿ ಅದು ಒಂದು ಅಂಕಿ. ಅವರಿಗೆ ಅದೇ ಇಡೀ ವಿದ್ಯೆಯಾಗಿತ್ತು.

ಅವರ ನಿರಿಗೆಯ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಅದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಾವೆಲ್ಲ ಮೊದಲು ಬಟ್ಟೆಗೆ ನಿರಿಗೆ ಹಾಕುತ್ತೇವೆ, ಇಸ್ತ್ರಿ ಒತ್ತುತ್ತೇವೆ, ಆಮೇಲೆ ಕತ್ತರಿಸಿ ಹೊಲಿಯುತ್ತೇವೆ. ನನಗೆ ಕಲಿಸಿದವರೂ ಹಾಗೆಯೇ ಕಲಿಸಿದರು. ಮಿಯಾಕೆ ಕ್ರಮವನ್ನೇ ತಿರುಗಿಸಿದರು. ಬೇಕಾದ ಅಳತೆಗಿಂತ ಎರಡೂವರೆ, ಮೂರು ಪಟ್ಟು ದೊಡ್ಡದಾಗಿ ಉಡುಪನ್ನು ಮೊದಲು ಹೊಲಿದು ಮುಗಿಸುವುದು. ಮುಗಿದ ಆ ದೊಗಲೆ ಉಡುಪನ್ನು ಕಾಗದದ ಎರಡು ಹಾಳೆಗಳ ನಡುವೆ ಇಟ್ಟು ಬಿಸಿ ಒತ್ತುಯಂತ್ರಕ್ಕೆ ಕೊಡುವುದು. ಹೊರಗೆ ಬರುವಾಗ ಅದು ಮೈ ಅಳತೆಗೆ ಇಳಿದಿರುತ್ತದೆ. ಪಾಲಿಯೆಸ್ಟರ್ ಎಳೆ ಬಿಸಿಯಲ್ಲಿ ಮಡಿಕೆಯನ್ನು ನೆನಪಿಟ್ಟುಕೊಳ್ಳುತ್ತದೆ, ಒಗೆದರೂ ಬಿಡುವುದಿಲ್ಲ. ಮಾರನೆಯ ದಿನ ನಾನೇ ಹಳೆಯ ಪಾಲಿಯೆಸ್ಟರ್ ದುಪಟ್ಟಾ ತೆಗೆದುಕೊಂಡು, ಕಾಗದದ ನಡುವೆ ಮಡಚಿ ಇಸ್ತ್ರಿಪೆಟ್ಟಿಗೆ ಒತ್ತಿ ನೋಡಿದೆ. ನಿಂತಿತು. ಹತ್ತಿ ಬಟ್ಟೆಗೆ ಮಾಡಿದ್ದು ಒಂದೇ ಒಗೆತಕ್ಕೆ ಬಿಚ್ಚಿಕೊಂಡಿತು.

1991ರಲ್ಲಿ ಫ್ರಾಂಕ್‌ಫರ್ಟ್‌ನ ನೃತ್ಯತಂಡ ಈ ನಿರಿಗೆಯ ಉಡುಪು ತೊಟ್ಟು ಕುಣಿಯಿತು. ನೃತ್ಯಗಾರರ ಮೈ ಯಾವ ಕಡೆ ಬಾಗಿದರೂ ಬಟ್ಟೆ ಜೊತೆಗೆ ಹೋಗುತ್ತಿತ್ತು. 1993ರಲ್ಲಿ ‘ಪ್ಲೀಟ್ಸ್ ಪ್ಲೀಸ್’ ಎಂಬ ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಇಸ್ತ್ರಿ ಬೇಡ, ಸುತ್ತಿ ಚೀಲದಲ್ಲಿ ಹಾಕಿಕೊಳ್ಳಬಹುದು, ಸೊಂಟ ಎರಡಿಂಚು ಹೆಚ್ಚಾದರೂ ಅದೇ ಉಡುಪು ಸಾಕು. ಸೀರೆಯ ನಿರಿಗೆ ಹಿಡಿಯುವ ನಮ್ಮ ಹೆಂಗಸರಿಗೆ ಇದರ ಬೆಲೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆರಿಗೆಗೆ ಮುಂಚೆ, ಹೆರಿಗೆಯ ನಂತರ, ಮುಪ್ಪಿನಲ್ಲಿ, ಉಟ್ಟದ್ದು ಅದೇ ಸೀರೆ.

ನಂತರದ ಕೆಲಸ ಇನ್ನೂ ಮುಂದಕ್ಕೆ ಹೋಯಿತು. ಅದು 1998ರಲ್ಲಿ ತಮ್ಮ ಸ್ಟುಡಿಯೋದ ವಿನ್ಯಾಸಕ ದಾಯಿ ಫುಜಿವಾರಾ ಅವರೊಡನೆ ಆರಂಭಿಸಿದ ‘ಎ-ಪಾಕ್’. ಒಂದು ತುಂಡು ಬಟ್ಟೆ, ಇಂಗ್ಲಿಷಿನಲ್ಲಿ ‘ಎ ಪೀಸ್ ಆಫ್ ಕ್ಲಾತ್’, ಎಂಬುದನ್ನೇ ಚಿಕ್ಕದಾಗಿಸಿ ಇಟ್ಟ ಹೆಸರು ಅದು. ಕಂಪ್ಯೂಟರ್ ನಡೆಸುವ ಹೆಣಿಗೆ ಯಂತ್ರಕ್ಕೆ ಒಂದು ಕಡೆಯಿಂದ ನೂಲು ಹೋದರೆ ಇನ್ನೊಂದು ಕಡೆಯಿಂದ ಕೊಳವೆಯಂತೆ ಬಟ್ಟೆ ಬರುತ್ತದೆ. ಆ ಬಟ್ಟೆಯೊಳಗೇ ಅಂಗಿಯ, ಲಂಗದ, ಟೋಪಿಯ ಗೆರೆಗಳು ಹೆಣೆದುಕೊಂಡಿರುತ್ತವೆ. ಕೊಂಡವರು ಮನೆಯಲ್ಲಿ ಗೆರೆಗುಂಟ ಕತ್ತರಿಸಿ ತೊಟ್ಟುಕೊಳ್ಳುವುದು, ತೋಳು ಉದ್ದ ಬೇಕೋ ಗಿಡ್ಡ ಬೇಕೋ ಅವರ ಇಷ್ಟ. ಹೊಲಿಗೆಯೇ ಇಲ್ಲ, ಎಳೆ ಬಿಚ್ಚಿಕೊಳ್ಳುವುದೂ ಇಲ್ಲ. ನ್ಯೂಯಾರ್ಕ್‌ನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಆ ಬಟ್ಟೆಯ ಒಂದು ಮಾದರಿಯನ್ನು ಇಟ್ಟಿದ್ದಾರೆ. ಹೊಲಿಗೆಯಿಂದ ಹೊಟ್ಟೆ ಹೊರೆಯುವ ನಾನು ಹೊಲಿಗೆಯೇ ಬೇಡವೆಂದ ಕೆಲಸವನ್ನು ಮೆಚ್ಚಿ ಬರೆಯುತ್ತಿದ್ದೇನೆ. ಮೆಚ್ಚದಿರಲು ಸಾಧ್ಯವಾಗಲಿಲ್ಲ.

ಈಗ ನಿಮ್ಮ ವಿದ್ಯಾರ್ಥಿನಿಯ ವಿಷಯಕ್ಕೆ ಬರುತ್ತೇನೆ.

ಅವಳ ಅಜ್ಜನ ಊರು ಚಳ್ಳಕೆರೆ ತಾಲ್ಲೂಕಿನಲ್ಲಿದೆ. ಮನೆಯಲ್ಲಿ ಕುರಿಗಳಿವೆ, ಗುಂಡಿ ಮಗ್ಗವಿದೆ. ಅಜ್ಜಿ ಉಣ್ಣೆ ನೂಲುತ್ತಾರೆ, ಅಜ್ಜ ಕಂಬಳಿ ನೇಯುತ್ತಾರೆ. ಹಾಸಿನ ಎಳೆಗಳಿಗೆ, ಅಂದರೆ ಮಗ್ಗದ ಉದ್ದ ನೂಲಿಗೆ, ಹುಣಸೆ ಬೀಜದ ಗಂಜಿ ಹಾಕಿ ಬಿಸಿಲಿಗೆ ಎಳೆದು ಒಣಗಿಸುವುದನ್ನು ಅವಳು ಬಾಲ್ಯದಿಂದ ನೋಡಿದವಳು. ‘ಅಕ್ಕಾ, ಮಿಯಾಕೆ ಯಂತ್ರದಲ್ಲಿ ಮಾಡಿದ್ದನ್ನು ನಮ್ಮಜ್ಜ ಮಗ್ಗದಲ್ಲಿ ಮಾಡಲಾರರೇ?’ ಎಂದು ಒಂದು ಸಂಜೆ ಕೇಳಿದಳು. ಆಗದು ಎಂದೆ. ಕುತ್ತಿಗೆಯ ತೆರಪಿಗಾದರೂ ಕತ್ತರಿ ಹಾಕಲೇಬೇಕು, ಹಾಕಿದರೆ ಕಂಬಳಿಯ ಎಳೆ ಬಿಚ್ಚಿಕೊಳ್ಳುತ್ತದೆ ಎಂದೆ.

ದಾರಿ ತೋರಿಸಿದವರು ಅಜ್ಜ. ಕಂಬಳಿಯ ಅರ್ಧದವರೆಗೆ ಎಂದಿನಂತೆ, ಹೊಕ್ಕನ್ನು ಅಂದರೆ ಅಡ್ಡ ನೂಲನ್ನು ಆಚೀಚೆ ಒಯ್ಯುವ ಒಂದು ಲಾಳಿಯಿಂದ ನೇಯ್ದರು. ಹೆಗಲ ಜಾಗ ಬಂದಾಗ ಎರಡು ಲಾಳಿ ಹಿಡಿದರು. ಎಡಭಾಗದ ಹೊಕ್ಕು ಎಡಕ್ಕೇ ತಿರುಗಿತು, ಬಲಭಾಗದ್ದು ಬಲಕ್ಕೇ ತಿರುಗಿತು. ಒಂದೂವರೆ ಗೇಣು ಹಾಗೆ ನೇಯ್ದು ಮತ್ತೆ ಒಂದೇ ಲಾಳಿಗೆ ಬಂದರು. ಮಗ್ಗದಿಂದ ಇಳಿಸಿದಾಗ ನಡುವೆ ತಲೆ ತೂರುವಷ್ಟು ತೆರಪು, ಅದರ ಎರಡೂ ಬದಿಗೆ ಗಟ್ಟಿಯಾದ ಅಂಚು. ಕೊನೆಯಲ್ಲಿ ಉಳಿಯುವ ಹಾಸಿನ ಎಳೆಗಳನ್ನು ಹುಡುಗಿ ತೊಡೆಯ ಮೇಲೆ ಹೊಸೆದು ಹುರಿ ಮಾಡಿದಳು. ಆ ಹುರಿಗಳನ್ನು ಪಕ್ಕದಲ್ಲಿ ಕಟ್ಟಿದರೆ ಮೊಣಕಾಲಿನವರೆಗಿನ ಕೋಟು. ಬಿಚ್ಚಿ ಮೂಲೆ ಮಡಚಿ ತಲೆಗೆ ಏರಿಸಿದರೆ ಮಳೆಗೆ ಹಾಕಿಕೊಳ್ಳುವ ಕೊಪ್ಪೆ. ನೆಲಕ್ಕೆ ಹಾಸಿದರೆ ಮತ್ತೆ ಕಂಬಳಿ. ಕತ್ತರಿ ತಾಗಿಲ್ಲ, ಸೂಜಿ ತಾಗಿಲ್ಲ, ಒಂದು ಚೂರು ಬಟ್ಟೆಯೂ ಕಸಕ್ಕೆ ಹೋಗಿಲ್ಲ. ನನ್ನ ಅಂಗಡಿಯಲ್ಲಿ ಪ್ರತಿ ಸಂಜೆ ಗುಡಿಸುವ ಚೂರುಗಳ ರಾಶಿ ನನ್ನ ಕಣ್ಣ ಮುಂದೆ ಬಂತು.

ಮೌಲ್ಯಮಾಪನದ ದಿನ ಕೆಲಸಕ್ಕೆ ನೆರವಾದವರೂ ಬರಬಹುದು ಎಂದಿದ್ದಿರಿ. ಹೋಗಿದ್ದೆ. ಮೂವರು ಪರೀಕ್ಷಕರಿದ್ದರು. ಅವರ ಕೈಯಲ್ಲಿದ್ದ ಹಾಳೆಯಲ್ಲಿ ಪ್ಯಾಟರ್ನ್, ಕಟಿಂಗ್, ಹೊಲಿಗೆ, ಲೈನಿಂಗ್, ಫಿನಿಶಿಂಗ್ ಎಂಬ ಅಂಕಣಗಳಿದ್ದವು. ಒಬ್ಬರು ಕಂಬಳಿಯನ್ನು ತಿರುಗಿಸಿ ನೋಡಿ ಹೊಲಿಗೆ ಎಲ್ಲಿ ಎಂದರು. ಹುಡುಗಿ ಎರಡು ಲಾಳಿಯ ವಿಷಯ ಹೇಳಲು ಹೊರಟಳು. ಅದು ನೇಕಾರನ ಕೆಲಸ, ನಿನ್ನದು ಏನು ಎಂದರು. ಇನ್ನೊಬ್ಬರು, ‘ಇದು ಕುರಿ ಕಾಯುವವರ ಉಡುಗೆ, ಫ್ಯಾಷನ್ ಅಲ್ಲ’ ಎಂದರು. ಉಣ್ಣೆಯ ವಾಸನೆ ಬರುತ್ತದೆ, ಪ್ರದರ್ಶನದ ವೇದಿಕೆಗೆ ತರಬೇಡಿ ಎಂಬ ಮಾತೂ ಬಂತು. ಕಟಿಂಗ್ ಮತ್ತು ಹೊಲಿಗೆಯ ಅಂಕಣಗಳಲ್ಲಿ ಸೊನ್ನೆ ಬರೆದರು. ಎರಡು ತಿಂಗಳ ಕೆಲಸವನ್ನು ನೋಡಿ ಮುಗಿಸಲು ಅವರಿಗೆ ಹತ್ತು ನಿಮಿಷವೂ ಹಿಡಿಯಲಿಲ್ಲ. ಅಜ್ಜ ಬಾಗಿಲ ಬಳಿ ನಿಂತಿದ್ದರು. ಮೊಮ್ಮಗಳ ಪರೀಕ್ಷೆಗೆಂದು ಬಿಳಿ ಪಂಚೆ ಉಟ್ಟು ಬೆಳಗಿನ ಬಸ್ಸಿಗೆ ಬಂದಿದ್ದರು. ಅವರ ಮುಖವನ್ನು ನಾನು ನೋಡಲಿಲ್ಲ, ನೋಡುವ ಧೈರ್ಯ ನನಗಾಗಲಿಲ್ಲ.

ಅದೇ ದಿನ ಪೇಟೆಯಲ್ಲಿ ಸಿದ್ಧವಾಗಿ ಸಿಗುವ ನಿರಿಗೆ ಬಟ್ಟೆಯಿಂದ ಹೊಲಿದ ಒಂದು ಉದ್ದನೆಯ ಗೌನಿಗೆ ಒಳ್ಳೆಯ ಅಂಕ ಬಂತು. ಮಿಯಾಕೆ ಅವರಿಗೆ ನಮನ ಎಂದು ಅದರ ಮುಂದೆ ಬರೆದಿತ್ತು. ಅದನ್ನು ಹೊಲಿದ ಹುಡುಗಿಯ ಮೇಲೆ ನನಗೆ ಯಾವ ದೂರೂ ಇಲ್ಲ. ಅಚ್ಚುಕಟ್ಟಾದ ಕೆಲಸ, ಅಂಕಕ್ಕೆ ಯೋಗ್ಯವೇ. ನನ್ನ ದೂರು ನಿಮ್ಮ ಮೇಲೆ. ಮಿಯಾಕೆ ಅವರ ಬಟ್ಟೆಯಂತೆ ಕಾಣುವುದಕ್ಕೆ ಬಹುಮಾನ ಕೊಟ್ಟಿರಿ. ಅವರಂತೆ ಯೋಚಿಸಿದವಳಿಗೆ ಸೊನ್ನೆ ಕೊಟ್ಟಿರಿ.

ಕುರಿ ಕಾಯುವವರ ಉಡುಗೆ ಎಂಬ ಮಾತಿಗೆ ಉತ್ತರ ಮಿಯಾಕೆ ಅವರ ಬದುಕಿನಲ್ಲೇ ಇದೆ. ಸ್ಟುಡಿಯೋ ತೆರೆದ ಮೊದಲ ವರ್ಷಗಳಲ್ಲಿ ಅವರು ಕೈಗೆತ್ತಿಕೊಂಡದ್ದು ‘ಸಾಶಿಕೊ’ ಎಂಬ ಬಟ್ಟೆಯನ್ನು. ಜಪಾನಿನ ರೈತರು ಹೊಲದಲ್ಲಿ ತೊಡುತ್ತಿದ್ದ, ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ದಪ್ಪ ಬಟ್ಟೆ ಅದು. ನಮ್ಮ ಕೌದಿಯ ಹೊಲಿಗೆ ಕಂಡವರಿಗೆ ಅದು ಅಪರಿಚಿತವಲ್ಲ. ಅದರಿಂದ ಅವರು ಕೋಟು ಮಾಡಿದರು. 1973ರಿಂದ ಪ್ಯಾರಿಸ್‌ನಲ್ಲಿ ಪ್ರದರ್ಶನ ನೀಡತೊಡಗಿದಾಗ ರೈತರ ಬಟ್ಟೆ ಎಂದು ಅವರು ಯಾವುದನ್ನೂ ಮುಚ್ಚಿಡಲಿಲ್ಲ. ಭಾರತಕ್ಕೂ ಬಂದರು. 1984ರಲ್ಲಿ ಅಹಮದಾಬಾದಿನ ವಿನ್ಯಾಸಕಿ ಆಶಾ ಸಾರಾಭಾಯಿ ಅವರೊಡನೆ ಕೂಡಿ ಇಲ್ಲಿನ ಕೈಮಗ್ಗದ, ಕೈಹೊಲಿಗೆಯ ಉಡುಪುಗಳನ್ನು ತಂದರು. ಅವರ ಸ್ಟುಡಿಯೋದ ಜವಳಿ ವಿನ್ಯಾಸಕಿ ಮಕಿಕೊ ಮಿನಗಾವಾ 2000ದಲ್ಲಿ ಆರಂಭಿಸಿದ ಉಡುಪುಗಳ ಸಾಲಿಗೆ ‘ಹಾಟ್’ ಎಂದು ಹೆಸರು, ಅಂದರೆ ನಮ್ಮ ಹಳ್ಳಿಯ ಸಂತೆ. ಜಪಾನಿನವರು ನಮ್ಮ ಸಂತೆಯ ಹೆಸರನ್ನು ಗೌರವದಿಂದ ಇಟ್ಟುಕೊಂಡಿದ್ದಾರೆ. ನಮ್ಮ ಕಾಲೇಜಿಗೆ ಚಳ್ಳಕೆರೆಯ ಉಣ್ಣೆಯ ವಾಸನೆ ಆಗುವುದಿಲ್ಲ.

ಅದು ನೇಕಾರನ ಕೆಲಸ ಎಂದದ್ದಕ್ಕೂ ಒಂದು ಮಾತು. ಮಿನಗಾವಾ ಅವರು ನೂಲು, ನೇಯ್ಗೆಗಳನ್ನು ಹುಡುಕಿ ಕೊಡದಿದ್ದರೆ, ಫುಜಿವಾರಾ ಯಂತ್ರದ ಲೆಕ್ಕ ಹಾಕದಿದ್ದರೆ ಮಿಯಾಕೆ ಒಬ್ಬರೇ ಏನು ಮಾಡುತ್ತಿದ್ದರು? ಅವರೂ ಅದನ್ನು ಮರೆಮಾಚಲಿಲ್ಲ. 2010ರಲ್ಲಿ ಸಮತಟ್ಟಾಗಿ ಮಡಚಿಡಬಹುದಾದ ಉಡುಪುಗಳನ್ನು ಹೊರತಂದಾಗಲೂ ಮಡಿಕೆಯ ಗಣಿತ ಬಲ್ಲ ಕಂಪ್ಯೂಟರ್ ವಿಜ್ಞಾನಿಯ ಕೆಲಸದಿಂದ ಕಲಿತಿದ್ದರು. ನಿಮ್ಮ ವಿದ್ಯಾರ್ಥಿನಿ ತನ್ನ ಅಜ್ಜನ ಬಳಿ ಕುಳಿತು, ಎಲ್ಲಿ ಲಾಳಿ ಬದಲಿಸಬೇಕು, ಎಷ್ಟು ಗೇಣು ಬಿಡಬೇಕು ಎಂದು ಅಳೆದು ಗೊತ್ತುಮಾಡಿದಳು. ಆ ಲೆಕ್ಕದ ಹಾಳೆಗಳು ಅವಳ ಕಡತದಲ್ಲಿವೆ. ಯಾರೂ ಅದನ್ನು ತೆರೆಯಲಿಲ್ಲ.

ಪರೀಕ್ಷಕರ ಕಡೆಯಿಂದಲೂ ಯೋಚಿಸಿದ್ದೇನೆ. ಕಟಿಂಗ್ ಬಾರದವರು ಕಂಬಳಿ ಹೊದ್ದು ಬಂದು ಇದೇ ವಿನ್ಯಾಸ ಎಂದರೆ ಏನು ಮಾಡುವುದು ಎಂಬ ಅಂಜಿಕೆ ಸಹಜ. ನಾನೂ ನೆಟ್ಟಗೆ ಹೊಲಿಗೆ ಬಾರದವರನ್ನು ಯಂತ್ರದ ಮುಂದೆ ಕೂರಿಸುವುದಿಲ್ಲ. ಮಿಯಾಕೆ ಕೂಡ ಕತ್ತರಿಯನ್ನು ಚೆನ್ನಾಗಿ ಕಲಿತ ಮೇಲೆಯೇ ಕೆಳಗಿಟ್ಟವರು. ಆದರೆ ಈ ಹುಡುಗಿಯ ಹಿಂದಿನ ಎರಡು ವರ್ಷದ ಅಂಕಪಟ್ಟಿ ನಿಮ್ಮಲ್ಲೇ ಇದೆ. ಕಟಿಂಗ್‌ನಲ್ಲಿ ಅವಳ ಕೈ ಹೇಗಿದೆ ಎಂದು ಅದು ಹೇಳುತ್ತದೆ. ಲೈನಿಂಗ್ ಹಾಕಿದ ಬ್ಲೌಸನ್ನು ಒಂದೂ ಸುಕ್ಕಿಲ್ಲದಂತೆ ಹೊಲಿದುಕೊಡುವವಳು ಅವಳು. ಕಟಿಂಗ್ ಬಲ್ಲವಳಾದ್ದರಿಂದಲೇ ಎಲ್ಲಿ ಕತ್ತರಿ ಬೇಡ ಎಂದು ಅವಳಿಗೆ ಹೊಳೆಯಿತು.

ನಮ್ಮಪ್ಪ ಈ ಊರಿನ ಹತ್ತಿ ಗಿರಣಿಯ ಸ್ಪಿನ್ನಿಂಗ್ ಖಾತೆಯಲ್ಲಿ ದುಡಿದವರು. ಮನೆಗೆ ಬಂದಾಗ ಹುಬ್ಬಿನ ಮೇಲೆಲ್ಲ ಹತ್ತಿಯ ಧೂಳು ಇರುತ್ತಿತ್ತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ ಅದು. ಗಿರಣಿಗಳು ಮುಚ್ಚಿದವು, ಹೆಸರು ಮಾತ್ರ ಬಾಯಲ್ಲಿ ಉಳಿಯಿತು. ಚಳ್ಳಕೆರೆ, ಮೊಳಕಾಲ್ಮೂರು, ದಾವಣಗೆರೆ ಎಲ್ಲವೂ 1997ರವರೆಗೆ ಒಂದೇ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕುಗಳು. ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಇಷ್ಟು ಹತ್ತಿರದಲ್ಲಿ ಹತ್ತಿಯ ನೆನಪು, ಉಣ್ಣೆಯ ಮಗ್ಗ, ರೇಷ್ಮೆಯ ಮಗ್ಗ ಮೂರನ್ನೂ ಇಟ್ಟುಕೊಂಡಿರುವ ವಸ್ತ್ರವಿನ್ಯಾಸ ಕಾಲೇಜು ನಿಮ್ಮದು. ನನ್ನ ಅಂಗಡಿಗೆ ಬರುವ ನಿಮ್ಮ ವಿದ್ಯಾರ್ಥಿನಿಯರಲ್ಲಿ ಮಗ್ಗದ ಮುಂದೆ ಕುಳಿತು ನೋಡಿದವರು ಎಷ್ಟು ಮಂದಿ ಎಂದು ಕೇಳಿದ್ದೇನೆ. ಇವಳೊಬ್ಬಳೇ.

ನನ್ನ ಕೋರಿಕೆಗಳು ದೊಡ್ಡವಲ್ಲ. ಆ ಕೆಲಸವನ್ನು ಬೇರೆ ಪರೀಕ್ಷಕರಿಂದ, ಅವರಲ್ಲಿ ಒಬ್ಬರಾದರೂ ನೇಯ್ಗೆ ಬಲ್ಲವರಾಗಿರುವಂತೆ ನೋಡಿಕೊಂಡು, ಮತ್ತೊಮ್ಮೆ ಮೌಲ್ಯಮಾಪನ ಮಾಡಿಸಿ. ಅವಳ ಕಡತವನ್ನು ಓದಿಯೇ ಅಂಕ ಕೊಡಲಿ. ಕಡಿಮೆ ಬಂದರೆ ಬರಲಿ, ಕಾರಣ ಬರೆದು ಕೊಡಲಿ. ಕಟಿಂಗ್ ಮತ್ತು ಹೊಲಿಗೆ ಇಲ್ಲದೆಯೇ ಉಡುಪಾಗುವ ಕೆಲಸಕ್ಕೂ ಆ ಹಾಳೆಯಲ್ಲಿ ಒಂದು ಅಂಕಣ ಮಾಡಿ. ಸೀರೆ, ಪಂಚೆ, ಕಂಬಳಿ ಉಟ್ಟು ಹೊದ್ದು ಬದುಕಿದ ನಾಡಿನ ಕಾಲೇಜಿಗೆ ಅದು ಕಷ್ಟವಾಗಬಾರದು. ಅಂತಿಮ ವರ್ಷದವರನ್ನು ಒಂದು ವಾರವಾದರೂ ಚಳ್ಳಕೆರೆ ಕಡೆಯ ಮಗ್ಗಗಳಿಗೂ ಮೊಳಕಾಲ್ಮೂರಿಗೂ ಕಳುಹಿಸಿ, ಅಲ್ಲಿ ಕಲಿಸುವ ನೇಕಾರರಿಗೆ ಅತಿಥಿ ಅಧ್ಯಾಪಕರಿಗೆ ಕೊಡುವ ಸಂಭಾವನೆಯನ್ನೇ ಕೊಡಿ. ಬಾಗಿಲ ಬಳಿ ನಿಂತಿದ್ದ ಆ ಅಜ್ಜನನ್ನು ಕರೆಸಿ ಕುರ್ಚಿ ಹಾಕಿ, ಎರಡು ಲಾಳಿಯ ಕೆಲಸವನ್ನು ಅವರ ಬಾಯಿಂದಲೇ ಕೇಳಿ. ಮುಂದಿನ ಆಗಸ್ಟ್ 5ಕ್ಕೆ ಮತ್ತೆ ಹಾರ ಹಾಕುವಿರಾದರೆ, 1960ರಲ್ಲಿ ಒಬ್ಬ ವಿದ್ಯಾರ್ಥಿ ಬರೆದ ಪತ್ರದ ವಿಷಯವನ್ನೂ ದಯವಿಟ್ಟು ಹೇಳಿ.

ವಾರ್ಷಿಕ ಪ್ರದರ್ಶನಕ್ಕೆ ಇನ್ನೂ ಸಮಯವಿದೆ. ಆ ಕಂಬಳಿ ಈಗ ನನ್ನ ಅಂಗಡಿಯ ಮೇಲಿನ ಹಲಗೆಯ ಮೇಲಿದೆ. ನುಸಿ ಹಿಡಿಯದಂತೆ ಒಣ ಬೇವಿನೆಲೆ ಹಾಕಿ ಮಡಚಿಟ್ಟಿದ್ದೇನೆ. ಹುಡುಗಿ ಅದನ್ನು ಒಯ್ಯಲು ಬಂದಿಲ್ಲ. ಕರೆದರೆ, ಆಮೇಲೆ ಬರುತ್ತೇನೆ ಅಕ್ಕಾ ಎನ್ನುತ್ತಾಳೆ. ನಿಮ್ಮಲ್ಲಿ ಯಾರಾದರೂ ಬಂದು ಕೈಯಲ್ಲಿ ಹಿಡಿದು ನೋಡುವುದಾದರೆ ಬನ್ನಿ. ಭಾನುವಾರ ಬಿಟ್ಟು ಎಲ್ಲ ದಿನ ರಾತ್ರಿ ಎಂಟರವರೆಗೆ ಅಂಗಡಿ ತೆರೆದಿರುತ್ತದೆ.

ವಂದನೆಗಳೊಂದಿಗೆ,
ಇಂತಿ ನಿಮ್ಮ ವಿಶ್ವಾಸಿ,
ಚೌಕಿಪೇಟೆಯ ಒಬ್ಬ ಟೈಲರ್
ದಾವಣಗೆರೆ